ಬಾಡಿಗೆ ಕಟ್ಟದ ಪೆಟ್ಟಿಗೆಗಳು: ವಿವಿಯನ್ ಮಾಯರ್ ತೆಗೆದ ಫೋಟೊ ಯಾರ ಆಸ್ತಿ?

ಬೀದಿ ಫೋಟೊಗ್ರಫಿಯಲ್ಲಿ ಒಂಚೂರು ಆಸಕ್ತಿ ಇರುವವರ ಫೀಡಿನಲ್ಲಿ ಈ ಕಥೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಶಿಕಾಗೊದಲ್ಲಿ ಶ್ರೀಮಂತರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ನಿಗೂಢ ನ್ಯಾನಿ. ಯಾರಿಗೂ ತೋರಿಸದೆ ಲಕ್ಷಕ್ಕೂ ಹೆಚ್ಚು ಫೋಟೊ ತೆಗೆದಿಟ್ಟಿದ್ದಳು. ಸತ್ತ ಮೇಲೆ, ಹರಾಜಿನಲ್ಲಿ ಒಂದು ಪೆಟ್ಟಿಗೆ ಕೊಂಡ ಯುವಕ ಅದನ್ನು ತೆರೆದು ನೋಡಿದ, ಜಗತ್ತು ಬೆರಗಾಯಿತು. ಹಿನ್ನೆಲೆಯಲ್ಲಿ ಪಿಯಾನೊ. ಮೂವತ್ತು ಸೆಕೆಂಡಿನ ರೀಲಿಗೆ ಹೇಳಿ ಮಾಡಿಸಿದ ಕಥೆ.

ಇದರಲ್ಲಿ "ಸತ್ತ ಮೇಲೆ" ಅನ್ನುವುದು ಸುಳ್ಳು. ವಿವಿಯನ್ ಮಾಯರ್ ಅವರ ಪೆಟ್ಟಿಗೆಗಳು ಹರಾಜಾಗಿದ್ದು 2007ರಲ್ಲಿ. ಆಕೆ ತೀರಿಕೊಂಡಿದ್ದು 2009ರ ಏಪ್ರಿಲ್ 21ರಂದು. ನಡುವಿನ ಅಷ್ಟೂ ದಿನ ಆಕೆ ಬದುಕಿದ್ದರು, ಅದೂ ಶಿಕಾಗೊದಲ್ಲೇ. ಪೆಟ್ಟಿಗೆಗಳು ಹರಾಜಿಗೆ ಬಂದಿದ್ದು ಆಕೆ ಸತ್ತರು ಅಂತಲ್ಲ, ಸಾಮಾನು ಇಡಲು ಬಾಡಿಗೆಗೆ ಹಿಡಿದಿದ್ದ ಗೋದಾಮಿನ ಬಾಡಿಗೆ ಕಟ್ಟಲಿಲ್ಲ ಅಂತ.

ಈ ಒಂದು ಸಂಗತಿಯನ್ನು ಅದರ ಜಾಗದಲ್ಲಿ ಇಟ್ಟು ನೋಡಿದರೆ ಇಡೀ ಕಥೆಯ ಬಣ್ಣ ಬದಲಾಗುತ್ತದೆ. ಇದು ನಿಗೂಢ ಪ್ರತಿಭೆಯ ಕಥೆ ಎನ್ನುವುದಕ್ಕಿಂತ ಮೊದಲು, ಜೀವನಪೂರ್ತಿ ದುಡಿದ ಒಬ್ಬ ಹೆಣ್ಣುಮಗಳ ಆಸ್ತಿಯ ಕಥೆ. ನನಗೆ ಆಸಕ್ತಿ ಇರುವುದು ಅದರಲ್ಲಿ. ಆದರೆ ಅಲ್ಲಿಗೆ ಹೋಗುವ ಮೊದಲು ಆಕೆ ಯಾರು, ಏನು ಮಾಡಿದರು ಅನ್ನುವುದು ಗೊತ್ತಿರಬೇಕು.

ವಿವಿಯನ್ ಹುಟ್ಟಿದ್ದು 1926ರ ಫೆಬ್ರವರಿ 1ರಂದು, ನ್ಯೂಯಾರ್ಕಿನಲ್ಲಿ. ತಾಯಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಕಡೆಯವರು, ತಂದೆ ಆಸ್ಟ್ರಿಯಾ ಮೂಲದವರು. ತಂದೆ ಬೇಗನೇ ಸಂಸಾರದಿಂದ ದೂರವಾದರು. 1930ರ ಜನಗಣತಿ ದಾಖಲೆಯಲ್ಲಿ ತಾಯಿ-ಮಗಳು ಇನ್ನೊಬ್ಬ ಹೆಂಗಸಿನ ಜೊತೆ ಒಂದೇ ಮನೆಯಲ್ಲಿದ್ದರು ಅಂತಿದೆ. ಆ ಹೆಂಗಸು ಜಾನ್ ಬರ್ಟ್ರಾಂಡ್, ಹೆಸರು ಮಾಡಿದ್ದ ಪೋರ್ಟ್ರೇಟ್ ಫೋಟೊಗ್ರಾಫರ್. ಅಂದರೆ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದು ಬದುಕಬಹುದು ಅನ್ನುವುದು ನಾಲ್ಕು ವರ್ಷದ ಆ ಮಗುವಿನ ಕಣ್ಣೆದುರೇ ಇತ್ತು. "ಎಲ್ಲಿಂದಲೋ ಉದುರಿದ ಪ್ರತಿಭೆ" ಎಂಬ ರೀಲ್‌ಗಳಲ್ಲಿ ಇದು ಬರುವುದು ಕಡಿಮೆ.

ಬಾಲ್ಯದ ಕೆಲವು ವರ್ಷ ತಾಯಿಯ ಹಳ್ಳಿಯಲ್ಲಿ ಕಳೆಯಿತು. ಇಪ್ಪತ್ತರ ವಯಸ್ಸಿನಲ್ಲಿ ಮತ್ತೆ ಅಲ್ಲಿಗೆ ಹೋದಾಗ ಕೊಡಾಕ್ ಬ್ರೌನಿ ಎಂಬ ಸರಳ ಡಬ್ಬಿ ಕ್ಯಾಮೆರಾದಲ್ಲಿ ಊರಿನವರ, ಬೆಟ್ಟಗಳ ಫೋಟೊ ತೆಗೆದರು. 1951ರಲ್ಲಿ ನ್ಯೂಯಾರ್ಕಿಗೆ ವಾಪಸ್. ಮರುವರ್ಷ ಕೈಗೆ ಬಂದಿದ್ದು ರೋಲಿಫ್ಲೆಕ್ಸ್. 1956ರಲ್ಲಿ ಶಿಕಾಗೊ ಪಕ್ಕದ ಹೈಲ್ಯಾಂಡ್ ಪಾರ್ಕ್ ಎಂಬ ಅನುಕೂಲಸ್ಥರ ಊರಿನಲ್ಲಿ, ಮೂವರು ಗಂಡುಮಕ್ಕಳಿದ್ದ ಮನೆಯಲ್ಲಿ ನ್ಯಾನಿ ಕೆಲಸ ಸಿಕ್ಕಿತು. ನಮ್ಮಲ್ಲಿ ಆಯಾ ಅನ್ನುತ್ತೇವಲ್ಲ, ಅದೇ; ಆದರೆ ಆ ಮನೆಯಲ್ಲೇ ವಾಸ. ಅಲ್ಲಿ 11 ವರ್ಷ ಇದ್ದರು. ಆಮೇಲೆ ಬೇರೆ ಬೇರೆ ಮನೆಗಳು. 1959-60ರಲ್ಲಿ ಒಬ್ಬರೇ ಪ್ರಪಂಚ ಸುತ್ತಿ ಬಂದರು. ಭಾರತ, ಈಜಿಪ್ಟ್, ಇಟಲಿ ಎಲ್ಲ ಆ ದಾರಿಯಲ್ಲಿ ಬಂದವು. ಆ ಕಾಲಕ್ಕೆ ಒಂಟಿ ಹೆಣ್ಣು, ಅದೂ ಸಂಬಳದ ಕೆಲಸದವಳು!

ಈಗ ಕ್ಯಾಮೆರಾ. ಎಂಜಿನಿಯರಿಂಗ್ ಓದಿದ್ದರ ಚಟ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರೋಲಿಫ್ಲೆಕ್ಸ್‌ನಲ್ಲಿ ಒಂದರ ಮೇಲೊಂದು ಎರಡು ಲೆನ್ಸ್ ಇರುತ್ತವೆ. ಕೆಳಗಿನದು ಫಿಲ್ಮಿಗೆ, ಮೇಲಿನದು ಬರೀ ನೋಡುವುದಕ್ಕೆ. ಮೇಲಿನ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ. ಬೆಳಕು ಅದಕ್ಕೆ ಬಡಿದು ನೇರ ಮೇಲಕ್ಕೆ ತಿರುಗಿ, ಕ್ಯಾಮೆರಾದ ನೆತ್ತಿಯ ಮೇಲಿರುವ ಮಸುಕು ಗಾಜಿನ ಮೇಲೆ ಚಿತ್ರವಾಗಿ ಬೀಳುತ್ತದೆ. ಕತ್ತಿಗೆ ನೇತುಹಾಕಿಕೊಂಡು, ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಬೇಕು. ಕನ್ನಡಿ ಇರುವುದರಿಂದ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಎದುರಿನ ವ್ಯಕ್ತಿ ಬಲಕ್ಕೆ ನಡೆದರೆ ಗಾಜಿನ ಮೇಲೆ ಎಡಕ್ಕೆ ಹೋಗುತ್ತಾನೆ. ನಡೆದಾಡುವ ಜನರನ್ನು ಇದರಲ್ಲಿ ಚೌಕಟ್ಟಿನೊಳಗೆ ಹಿಡಿಯಬೇಕಾದರೆ ಕೈಗೆ ವರ್ಷಗಳ ಅಭ್ಯಾಸ ಬೇಕು. ಒಂದು ರೋಲಿಗೆ ಸಿಗುವುದು ಬರೀ 12 ಚೌಕಾಕಾರದ ಫ್ರೇಮ್.

ಈ ಯಂತ್ರದ ರಚನೆಯೇ ಆಕೆಯ ಚಿತ್ರಗಳ ಸ್ವಭಾವವನ್ನು ಅರ್ಧ ತೀರ್ಮಾನಿಸಿದೆ. ಮೊದಲನೆಯದು, ಫೋಟೊ ತೆಗೆಯುವವರು ಎದುರಿನವರ ಮುಖ ನೋಡುತ್ತಿರುವುದಿಲ್ಲ, ಕೆಳಗೆ ನೋಡುತ್ತಿರುತ್ತಾರೆ. ಚೀಲದಲ್ಲಿ ಏನೋ ಹುಡುಕುತ್ತಿರುವ ಹಾಗೆ. ಕ್ಯಾಮೆರಾ ಕಣ್ಣಿಗೆ ಏರಿಸಿದ ತಕ್ಷಣ ಜನ ಸೆಟೆದುಕೊಳ್ಳುತ್ತಾರಲ್ಲ, ಅದು ಇಲ್ಲಿ ಆಗುವುದಿಲ್ಲ. ಷಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದೂ ಕಮ್ಮಿ. ಇನ್ನೊಂದು ಕೋನದ್ದು. ಲೆನ್ಸು ಹೊಟ್ಟೆಯ ಮಟ್ಟದಲ್ಲಿರುವುದರಿಂದ ದೊಡ್ಡವರನ್ನು ಸ್ವಲ್ಪ ಕೆಳಗಿನಿಂದ ನೋಡುತ್ತದೆ, ಮಕ್ಕಳನ್ನು ಹೆಚ್ಚುಕಡಿಮೆ ನೇರ ಕಣ್ಣಿಗೆ. ಹಾಗಾಗಿ ಆಕೆಯ ಚಿತ್ರಗಳಲ್ಲಿ ಫುಟ್‌ಪಾತಿನ ಬಡವ, ಬಸ್ಸಿಗೆ ಕಾದಿರುವ ಮುದುಕಿ, ಕೂಲಿಯವನು ಎಲ್ಲರೂ ಎದ್ದುನಿಂತ ಹಾಗೆ ಕಾಣುತ್ತಾರೆ. ಬಡವರನ್ನು ಮೇಲಿನಿಂದ ಕೆಳಗೆ ನೋಡುವ ಫೋಟೊಗಳನ್ನು ನಾವು ದಿನಾ ನೋಡುತ್ತೇವೆ. ಅವುಗಳ ಪಕ್ಕ ಇವನ್ನು ಇಟ್ಟು ನೋಡಿ.

ಹಾಗಂತ ಇದು ಕರುಣೆಯ ಕಲೆಯೂ ಅಲ್ಲ. ತುಪ್ಪಳದ ಕೋಟು ಹಾಕಿದ ಶ್ರೀಮಂತ ಹೆಂಗಸರನ್ನು ಆಕೆ ಎಷ್ಟು ಹತ್ತಿರ ಹೋಗಿ ತೆಗೆದಿದ್ದಾರೆಂದರೆ, ಆ ಹೆಂಗಸರು ಸಿಟ್ಟಿನಿಂದ ದುರುಗುಟ್ಟುವುದೂ ಚಿತ್ರದಲ್ಲಿದೆ. ಕುಡಿದು ಬಿದ್ದವರನ್ನೂ ತೆಗೆದಿದ್ದಾರೆ, ಅಳುವ ಮಕ್ಕಳನ್ನೂ. ಕೇಳಿ ತೆಗೆದಿದ್ದು ಎಷ್ಟು, ಕೇಳದೆ ತೆಗೆದಿದ್ದು ಎಷ್ಟು ಎಂದು ಲೆಕ್ಕ ಹಾಕಲಾಗದು. ಆದರೆ ಬಹುಪಾಲು ಮುಖಗಳಲ್ಲಿ ಒಪ್ಪಿಗೆ ಕೊಟ್ಟ ಭಾವ ಇಲ್ಲ.

ಇನ್ನೊಂದು ಸಾಧನವೂ ಆಕೆಯ ಬಳಿ ಇತ್ತು, ಅದನ್ನು ಯಾರೂ ಸಾಧನ ಅಂತ ಕರೆಯುವುದಿಲ್ಲ: ಮಕ್ಕಳು. 1950-60ರ ದಶಕದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಸುಮ್ಮನೆ ಬೀದಿಯಲ್ಲಿ ಗಂಟೆಗಟ್ಟಲೆ ನಿಂತರೆ ಪ್ರಶ್ನೆಗಳು ಏಳುತ್ತವೆ. (ಈಗ ಏಳುವುದಿಲ್ಲವೇ ಅಂತ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ನಿಂತು ಅಭ್ಯಾಸ ಇರುವ ಹುಡುಗಿಯರನ್ನು ಕೇಳಿ.) ಕೈಯಲ್ಲಿ ಎರಡು ಮಕ್ಕಳಿದ್ದರೆ ಅದೇ ಹೆಂಗಸು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಆಕೆ ಪಾರ್ಕಿಗೆ ಮಾತ್ರ ಹೋಗಲಿಲ್ಲ, ಶಿಕಾಗೊದ ಕಸಾಯಿ ದೊಡ್ಡಿಗಳಿಗೂ, ಬಡವರ ಕೇರಿಗಳಿಗೂ ಹೋದರು. ಆಯಾ ಕೆಲಸ ಆಕೆಯ ಕಲೆಗೆ ಅಡ್ಡಿಯಾಗಿತ್ತು ಅಂತ ಬರೆಯುವವರಿದ್ದಾರೆ. ನನ್ನ ಪ್ರಕಾರ ಬೀದಿಗೆ ಹೋಗಲು ಆಕೆಗೆ ಸಿಕ್ಕ ಪರವಾನಗಿಯೇ ಆ ಕೆಲಸ. ಬೆಲೆಯನ್ನು ಮಕ್ಕಳೂ ತೆತ್ತಿರಬಹುದು. ಆಕೆಯ ಬಗೆಗಿನ ಡಾಕ್ಯುಮೆಂಟರಿಯಲ್ಲಿ, ಆಕೆ ನೋಡಿಕೊಂಡಿದ್ದ ಕೆಲವರು ಪ್ರೀತಿಯಿಂದ ಮಾತಾಡಿದರೆ, ಇನ್ನು ಕೆಲವರು ಒತ್ತಾಯದಿಂದ ತಿನ್ನಿಸಿದ್ದು, ಒರಟಾಗಿ ನಡೆದುಕೊಂಡಿದ್ದು ಹೇಳುತ್ತಾರೆ. ಅದನ್ನು ಮುಚ್ಚಿಟ್ಟು ಆಕೆಯನ್ನು ದೇವತೆ ಮಾಡುವ ಅಗತ್ಯ ಇಲ್ಲ.

ಆಕೆ ಬರೀ ಫೋಟೊ ತೆಗೆದು ಸುಮ್ಮನಾದವರೂ ಅಲ್ಲ. ನಿಕ್ಸನ್ ಹಗರಣದ ದಿನಗಳಲ್ಲಿ ಟೇಪ್ ರೆಕಾರ್ಡರ್ ಹಿಡಿದು, ಅಂಗಡಿಯಲ್ಲಿ ಸಿಕ್ಕವರನ್ನೆಲ್ಲ ನಿಮಗೇನನಿಸುತ್ತದೆ ಅಂತ ಕೇಳಿದ್ದಾರೆ. ಆ ಧ್ವನಿ ಉಳಿದಿದೆ. ಪತ್ರಿಕೆಯಲ್ಲಿ ಓದಿದ ಕೊಲೆ ಪ್ರಕರಣವೊಂದರ ಜಾಗಗಳಿಗೆ ಹೋಗಿ ಸಣ್ಣ ಸಿನಿಮಾ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ್ದಾರೆ. ಇದನ್ನು ವರದಿಗಾರಿಕೆ ಅನ್ನದೆ ಏನನ್ನಬೇಕು? ಪ್ರೆಸ್ ಕಾರ್ಡ್ ಇರಲಿಲ್ಲ, ಅಷ್ಟೇ.

ಹಾಗಾದರೆ ಅಷ್ಟೊಂದು ಕೆಲಸ ಕತ್ತಲಲ್ಲಿ ಯಾಕೆ ಉಳಿಯಿತು? "ನಿಗೂಢ ಸ್ವಭಾವ" ಅನ್ನುವುದು ಸಿದ್ಧ ಉತ್ತರ. ಆಕೆ ಗುಟ್ಟಿನ ಮನುಷ್ಯೆ ಹೌದು: ಕೋಣೆಗೆ ಬೀಗ, ಹೆಸರಿನ ಬೇರೆ ಬೇರೆ ಸ್ಪೆಲ್ಲಿಂಗು, ಆಳೆತ್ತರ ಪೇರಿಸಿಟ್ಟ ಹಳೇ ಪತ್ರಿಕೆಗಳು. ಆದರೆ ದುಡ್ಡಿನ ಉತ್ತರವೂ ಇದೆ. ಹೈಲ್ಯಾಂಡ್ ಪಾರ್ಕಿನ ಮನೆಯಲ್ಲಿ ಆಕೆಗೆ ಸ್ವಂತ ಬಾತ್‌ರೂಮ್ ಇತ್ತು, ಅದನ್ನೇ ಡಾರ್ಕ್‌ರೂಮ್ ಮಾಡಿಕೊಂಡಿದ್ದರು. ಆ ಕೆಲಸ ಮುಗಿದ ಮೇಲೆ ಆ ಕೋಣೆಯೂ ಹೋಯಿತು. ಮನೆಯಿಂದ ಮನೆಗೆ ಹೋಗುತ್ತಾ, ತೊಳೆಸದ ಫಿಲ್ಮ್ ರೋಲುಗಳು ರಾಶಿಬೀಳತೊಡಗಿದವು. ಕೊನೆಗೆ ಅಂಥ ನೂರಾರು ರೋಲುಗಳು ಉಳಿದವು. ಸುಮ್ಮನೆ ಒಂದು ಲೆಕ್ಕ ಹಾಕಿ. 40 ವರ್ಷಕ್ಕೆ 1 ಲಕ್ಷ ಫ್ರೇಮ್ ಅಂದರೆ ವರ್ಷಕ್ಕೆ 2,500, ದಿನಕ್ಕೆ ಏಳು. ಫೋನ್ ಕಾಲದಲ್ಲಿ ಇದು ಏನೂ ಅಲ್ಲ. ಆದರೆ ಅಲ್ಲಿ ಒಂದೊಂದು ಫ್ರೇಮಿಗೂ ಫಿಲ್ಮಿನ ಖರ್ಚು, ತೊಳೆಸುವ ಖರ್ಚು, ಪ್ರಿಂಟಿನ ಖರ್ಚು, ಎಲ್ಲವೂ ಒಬ್ಬ ಆಯಾಳ ಸಂಬಳದಿಂದ. ತೊಳೆಸದೆ ಇಟ್ಟ ರೋಲಿನಲ್ಲಿ ನನಗೆ ನಿಗೂಢತೆಗಿಂತ ತಿಂಗಳ ಕೊನೆ ಕಾಣುತ್ತದೆ.

ವಯಸ್ಸಾದ ಮೇಲೆ ಪರಿಸ್ಥಿತಿ ಇನ್ನೂ ಕುಸಿಯಿತು. ಆಕೆ ಎತ್ತಿ ಆಡಿಸಿದ್ದ ಆ ಮೂವರು ಹುಡುಗರು, ಈಗ ದೊಡ್ಡವರು, ಮನೆ ಕಳೆದುಕೊಳ್ಳುವ ಹಂತದಲ್ಲಿದ್ದ ಆಕೆಗೆ ರೋಜರ್ಸ್ ಪಾರ್ಕ್ ಎಂಬಲ್ಲಿ ಒಂದು ಅಪಾರ್ಟ್‌ಮೆಂಟ್ ಮಾಡಿಕೊಟ್ಟರು. ಒಳ್ಳೆಯ ಕೆಲಸವೇ. ಆದರೆ ಅರ್ಧ ಶತಮಾನ ಬೇರೆಯವರ ಮಕ್ಕಳನ್ನು ಸಾಕಿದ ಮೇಲೂ ಒಬ್ಬ ಕೆಲಸದವಳ ಮುಪ್ಪು ಆ ಮಕ್ಕಳ ಒಳ್ಳೆಯತನದ ಮೇಲೆ ನಿಂತಿತ್ತು ಅನ್ನುವುದನ್ನೂ ಗಮನಿಸಬೇಕು. ಗೋದಾಮಿನ ಬಾಡಿಗೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

2007ರ ಹರಾಜಿನಲ್ಲಿ ಪೆಟ್ಟಿಗೆಗಳು ಚದುರಿದವು. ಕೊಂಡವರಲ್ಲಿ ಒಬ್ಬರು ಜಾನ್ ಮಲೂಫ್, ಆಗ ರಿಯಲ್ ಎಸ್ಟೇಟ್ ಕೆಲಸದಲ್ಲಿದ್ದ ಯುವಕ. ಶಿಕಾಗೊದ ಒಂದು ಬಡಾವಣೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದರು, ಅದಕ್ಕೆ ಹಳೇ ಫೋಟೊ ಬೇಕಿತ್ತು. 400 ಡಾಲರಿಗಿಂತ ಕಡಿಮೆಗೆ ಒಂದು ದೊಡ್ಡ ಪೆಟ್ಟಿಗೆ ಸಿಕ್ಕಿತು. ಇನ್ನೊಬ್ಬ ಖರೀದಿದಾರ ರಾನ್ ಸ್ಲಾಟರಿ 2008ರ ಜುಲೈನಲ್ಲೇ ಕೆಲವು ಚಿತ್ರಗಳನ್ನು ಇಂಟರ್ನೆಟ್ಟಿಗೆ ಹಾಕಿದರು. ಹೆಚ್ಚು ಜನ ನೋಡಲಿಲ್ಲ. ಆಗ ಆಕೆ ಅದೇ ನಗರದಲ್ಲಿ ಇದ್ದರು. ನವೆಂಬರಿನಲ್ಲಿ ಹಿಮದ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟಾಯಿತು, ಆಸ್ಪತ್ರೆ, ಅಲ್ಲಿಂದ ವೃದ್ಧರ ಶುಶ್ರೂಷಾ ಗೃಹ, ಅಲ್ಲೇ ಕೊನೆ. ಫೋಟೊ ಲ್ಯಾಬಿನ ಲಕೋಟೆಯೊಂದರ ಮೇಲಿದ್ದ ಹೆಸರನ್ನು ಮಲೂಫ್ 2009ರ ಏಪ್ರಿಲ್‌ನಲ್ಲಿ ಗೂಗಲ್ ಮಾಡಿದಾಗ ಸಿಕ್ಕಿದ್ದು, ಕೆಲವೇ ದಿನ ಹಿಂದೆ ಪತ್ರಿಕೆಯಲ್ಲಿ ಬಂದಿದ್ದ ನಿಧನ ವಾರ್ತೆ. ಅದೇ ಅಕ್ಟೋಬರಿನಲ್ಲಿ ಫ್ಲಿಕರ್‌ನಲ್ಲಿ ಅವರು ಹಾಕಿದ ಚಿತ್ರಗಳು ಎಲ್ಲೆಡೆ ಹರಡಿದವು. 2011ರಲ್ಲಿ ಶಿಕಾಗೊ ಕಲ್ಚರಲ್ ಸೆಂಟರ್‌ನಲ್ಲಿ ಪ್ರದರ್ಶನ, 2013ರಲ್ಲಿ ಮಲೂಫ್ ಮತ್ತು ಚಾರ್ಲಿ ಸಿಸ್ಕೆಲ್ ನಿರ್ದೇಶನದ ಡಾಕ್ಯುಮೆಂಟರಿ, ಅದಕ್ಕೆ ಆಸ್ಕರ್ ನಾಮನಿರ್ದೇಶನ.

ಮಲೂಫ್ ಅವರನ್ನು ಖಳನಾಯಕ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಅವರು ಕದಿಯಲಿಲ್ಲ, ಬಹಿರಂಗ ಹರಾಜಿನಲ್ಲಿ ಕೊಂಡರು. ಚದುರಿದ್ದ ಬೇರೆ ಪೆಟ್ಟಿಗೆಗಳನ್ನೂ ಹುಡುಕಿ ಕೊಂಡು, ಸ್ಕ್ಯಾನ್ ಮಾಡುತ್ತಾ ವರ್ಷಗಳನ್ನು ಕಳೆದರು. ಅವರಿಲ್ಲದಿದ್ದರೆ ಬಹುಪಾಲು ನೆಗೆಟಿವ್ ಕಸಕ್ಕೆ ಹೋಗುತ್ತಿತ್ತು. ತಕರಾರು ಏನೆಂದರೆ, ಚಿತ್ರಗಳ ಒಡೆಯರೂ ಅವರೇ, ಪ್ರಿಂಟ್ ಮಾಡಿಸಿ ಮಾರುವವರೂ ಅವರೇ, ಆಕೆ ಯಾರು ಅಂತ ಸಿನಿಮಾದಲ್ಲಿ ಹೇಳಿದವರೂ ಅವರೇ. ಅಂಥ ಮಾರುಕಟ್ಟೆಗೆ "ನಿಗೂಢ ನ್ಯಾನಿ" ಬೇಕು. "ಬಾಡಿಗೆ ಕಟ್ಟಲಾಗದ ಕಾರ್ಮಿಕಳು" ಮಾರಾಟವಾಗುವುದಿಲ್ಲ.

ಇಲ್ಲಿಂದ ಕಾನೂನು. ಅವೆನ್ಯೂ ರಸ್ತೆಯಲ್ಲಿ ನೀವು ಹಳೇ ಪುಸ್ತಕ ಕೊಂಡರೆ ಅದು ನಿಮ್ಮದು. ಓದಬಹುದು, ಮಾರಬಹುದು, ಸುಟ್ಟೂ ಹಾಕಬಹುದು. ಆದರೆ ಅದರ ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರುವ ಹಾಗಿಲ್ಲ. ಕಾಗದ ನಿಮ್ಮದು, ಬರಹದ ಹಕ್ಕು ಬರೆದವರದ್ದು. ಫೋಟೊಗೂ ಅದೇ ನಿಯಮ. ನೆಗೆಟಿವ್ ಅನ್ನುವ ಪ್ಲಾಸ್ಟಿಕ್ ತುಂಡನ್ನು ಹರಾಜಿನಲ್ಲಿ ಕೊಳ್ಳಬಹುದು. ಅದರಿಂದ ಪ್ರಿಂಟ್ ತೆಗೆದು ಮಾರುವ, ಪುಸ್ತಕ ಮಾಡುವ ಹಕ್ಕು ಅದರ ಜೊತೆಗೆ ಬರುವುದಿಲ್ಲ. ಅದು ತೆಗೆದವರ ಬಳಿಯೇ ಉಳಿದು, ಅವರು ಸತ್ತ ಮೇಲೆ ವಾರಸುದಾರರಿಗೆ ಹೋಗುತ್ತದೆ. ಅಮೆರಿಕದ ಕಾನೂನಿನಲ್ಲಿ, ಬದುಕಿದ್ದಾಗ ಪ್ರಕಟವಾಗದ ಇಂಥ ಕೃತಿಗಳಿಗೆ ಲೇಖಕರ ಸಾವಿನ ನಂತರ 70 ವರ್ಷ ರಕ್ಷಣೆ. ವಿವಿಯನ್ ಚಿತ್ರಗಳ ಮಟ್ಟಿಗೆ ಅದು 2079ರ ಕೊನೆಯವರೆಗೆ.

ಆಕೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ, ಉಯಿಲೂ ಇಲ್ಲ. ಮಲೂಫ್ ಫ್ರಾನ್ಸಿನಲ್ಲಿ ತಾಯಿಯ ಕಡೆಯ ದೂರದ ಸಂಬಂಧಿಯೊಬ್ಬರನ್ನು ಹುಡುಕಿ, ಹಣ ಕೊಟ್ಟು, ಹಕ್ಕು ಬರೆಸಿಕೊಂಡರು. 2014ರಲ್ಲಿ ಫೋಟೊಗ್ರಫಿಯ ಹಿನ್ನೆಲೆಯ ವಕೀಲರೊಬ್ಬರು ಅದಕ್ಕಿಂತ ಹತ್ತಿರದ ಸಂಬಂಧಿಯೊಬ್ಬರು ಫ್ರಾನ್ಸಿನಲ್ಲೇ ಇದ್ದಾರೆ ಎಂದು ಕೋರ್ಟಿಗೆ ಹೋದರು. ಶಿಕಾಗೊ ಇರುವ ಕುಕ್ ಕೌಂಟಿಯ ಆಡಳಿತ, ವಾರಸುದಾರರಿಲ್ಲದವರ ಆಸ್ತಿ ನೋಡಿಕೊಳ್ಳುವ ತನ್ನ ಅಧಿಕಾರಿಯ ಮೂಲಕ ಆಕೆಯ ಆಸ್ತಿಯನ್ನು ಕೈಗೆ ತೆಗೆದುಕೊಂಡಿತು. ಸುದ್ದಿ ಬರುತ್ತಿದ್ದ ಹಾಗೆ ಇನ್ನೊಬ್ಬ ದೊಡ್ಡ ಸಂಗ್ರಹಕಾರ ಜೆಫ್ರಿ ಗೋಲ್ಡ್‌ಸ್ಟೀನ್ ತಮ್ಮ ಬಳಿ ಇದ್ದ ನೆಗೆಟಿವ್‌ಗಳನ್ನು ಟೊರೊಂಟೊದ ಗ್ಯಾಲರಿಗೆ ಮಾರಿದರು. ಮಲೂಫ್ 2016ರಲ್ಲಿ ಆಡಳಿತದ ಜೊತೆ ಒಪ್ಪಂದಕ್ಕೆ ಬಂದರು. ಅದರ ಷರತ್ತುಗಳು ಗೋಪ್ಯ.

ಗೋದಾಮಿನ ಬಾಡಿಗೆ ಬಾಕಿ ಅಂತ ಪೆಟ್ಟಿಗೆಗಳನ್ನು ಎತ್ತಿಕೊಂಡಾಗ ಆಕೆ ಎಲ್ಲಿದ್ದಾರೆ ಅಂತ ಹುಡುಕಲು ಯಾರೂ ಇರಲಿಲ್ಲ. ಚಿತ್ರಗಳಿಗೆ ಬೆಲೆ ಬಂದ ಮೇಲೆ ಎರಡು ಖಂಡಗಳಲ್ಲಿ ವಂಶವೃಕ್ಷದ ಶೋಧ ನಡೆಯಿತು. ಎರಡೂ ಕಾನೂನು ಪ್ರಕಾರವೇ ನಡೆದವು. ನನಗೆ ಸಿಟ್ಟು ಬರುವುದು ಇಲ್ಲಿ.

ಇನ್ನು "ಆಕೆಗೆ ಇದು ಬೇಕಿತ್ತಾ?" ಎಂಬ ಪ್ರಶ್ನೆ. ಬೇಕಿತ್ತು ಎನ್ನುವವರು ಒಂದು ಪತ್ರ ತೋರಿಸುತ್ತಾರೆ. ತಾಯಿಯ ಊರಿನ ಫೋಟೊ ಅಂಗಡಿಯವರಿಗೆ, ತನ್ನ ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಮಾಡಿಸುವ ಬಗ್ಗೆ ಆಕೆ ಬರೆದ ಪತ್ರ ಅದು. ಪ್ರಿಂಟು ಹೇಗಿರಬೇಕು ಅನ್ನುವುದರಲ್ಲಿ ಆಕೆಗೆ ಖಚಿತ ಅಭಿಪ್ರಾಯ ಇತ್ತು, ಕೆಲಸವನ್ನು ಜನರಿಗೆ ತಲುಪಿಸುವ ಯೋಚನೆಯೂ ಬಂದಿತ್ತು ಅಂತ ಅದರಿಂದ ಗೊತ್ತಾಗುತ್ತದೆ. ಆದರೆ ಕೆಲವು ಬೆಟ್ಟದ ಚಿತ್ರಗಳಿಗೆ ಕೊಟ್ಟ ಒಪ್ಪಿಗೆ ಲಕ್ಷ ನೆಗೆಟಿವ್‌ಗೆ ಒಪ್ಪಿಗೆ ಆಗುವುದಿಲ್ಲ. ಎದುರು ವಾದವೂ ಪೂರ್ತಿ ನಿಲ್ಲುವುದಿಲ್ಲ. ಬೀದಿಯಲ್ಲಿ ಸಾವಿರಾರು ಜನರನ್ನು ಅವರ ಒಪ್ಪಿಗೆಗೆ ಕಾಯದೆ ಸೆರೆಹಿಡಿದವರ ಚಿತ್ರಗಳನ್ನು ಆಕೆಯ ಒಪ್ಪಿಗೆ ಇಲ್ಲವೆಂದು ಮುಚ್ಚಿಡಬೇಕೇ? ಮುಚ್ಚಿಡಬಾರದು ಅಂತಲೇ ನನ್ನ ಅಭಿಪ್ರಾಯ. ಆ ಚಿತ್ರಗಳು ಇಲ್ಲದಿದ್ದರೆ ಶಿಕಾಗೊದ ಎಷ್ಟೋ ಮುಖಗಳು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಆದರೆ ನೋಡುವಾಗ, ಇವನ್ನು ಆರಿಸಿದ್ದು ಯಾರು ಎಂಬ ಪ್ರಶ್ನೆ ಇಟ್ಟುಕೊಂಡು ನೋಡಬೇಕು.

ಯಾಕೆಂದರೆ ನಾವು ನೋಡುತ್ತಿರುವ ಬಹುಪಾಲು ಆಕೆ ಸತ್ತ ಮೇಲೆ ಬೇರೆಯವರು ಆರಿಸಿ, ಪ್ರಿಂಟ್ ಮಾಡಿಸಿದ್ದು. ಯಾವುದು ಒಳ್ಳೆಯ ಫ್ರೇಮ್, ಎಷ್ಟು ಕಪ್ಪಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದೆಲ್ಲ ಅವರ ತೀರ್ಮಾನ. ಫೋಟೊಗ್ರಫಿಯಲ್ಲಿ ಇದು ಅರ್ಧ ಕೆಲಸ. ಆಕೆಯ ಗುರುತೇ ಆಗಿಹೋಗಿರುವ ಆ ಪೂರ್ತಿ ಚೌಕದ ಚಿತ್ರಗಳೂ ಅಂಥದ್ದೇ ಆಯ್ಕೆ. ಬದುಕಿದ್ದಾಗ ಆಕೆ ತಾನೇ ಮಾಡಿದ, ಮಾಡಿಸಿದ ಪ್ರಿಂಟ್‌ಗಳೂ ಸಾಕಷ್ಟು ಉಳಿದಿವೆ. ಮಲೂಫ್ ಕೊಟ್ಟ ಅಂಥ ನೂರಾರು ಪ್ರಿಂಟ್‌ಗಳು ಈಗ ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಆಕೆ ಎಷ್ಟೋ ಸಲ ಚೌಕದ ಎರಡೂ ಬದಿಯನ್ನು ಕತ್ತರಿಸಿ, ಒಬ್ಬ ಮನುಷ್ಯ ನಿಲ್ಲುವಷ್ಟು ಅಗಲ ಮಾತ್ರ ಉಳಿಸಿಕೊಂಡಿದ್ದಾರೆ.